ಟೇಲರ್ ಮಂಜಿಲಿನಿಂದ ವಿಭೂತಿಹಳ್ಳಿಯವರೆಗೆ

ಸುರಪುರ ದೂರದಿಂದ ತಟ್ಟನೆ ಕಾಣುವ ಊರಲ್ಲ. ಎರೆಭೂಮಿಯ ಬಯಲು ಮುಗಿದು ಗುಂಡುಗಲ್ಲಿನ ಗುಡ್ಡಗಳು ಶುರುವಾದ ಮೇಲೆ, ರಸ್ತೆ ತಿರುಗಿ ತಿರುಗಿ ಏರಿದ ಮೇಲೆ, ಬಂಡೆಗಳ ಸಂದಿಯಲ್ಲಿ ಮಾಳಿಗೆ ಮನೆಗಳು, ಗುಡಿಯ ಶಿಖರ, ಅರಮನೆಯ ಗೋಡೆ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ನಾಯಕ ದೊರೆಗಳು ರಾಜಧಾನಿಗೆ ಈ ಜಾಗವನ್ನು ಆರಿಸಿದ್ದರ ಗುಟ್ಟು ಅಲ್ಲೇ ಇದೆ. ಆ ಗುಡ್ಡಗಳಲ್ಲೊಂದರ ಮೇಲೆ ಒಂದು ಬಂಗಲೆ ಇದೆ. ಊರಿನ ಸಣ್ಣ ಹುಡುಗನನ್ನು ಕೇಳಿದರೂ ಕೈ ಎತ್ತಿ ತೋರಿಸುತ್ತಾನೆ: ಟೇಲರ್ ಮಂಜಿಲ್.

ನಮ್ಮ ಯಾದಗಿರಿ ಜಿಲ್ಲೆಯ ಹಳೆಯ ಕಟ್ಟಡಗಳ ಬಗ್ಗೆ ಈ ಸಂಚಿಕೆಗೆ ಬರೆಯಬೇಕೆಂದಾಗ ನಾನು ಆ ಬಂಗಲೆಯಿಂದಲೇ ಶುರು ಮಾಡಬೇಕೆಂದುಕೊಂಡೆ. ಅದು ನಮ್ಮಲ್ಲಿ ಅತಿ ಹಳೆಯದೂ ಅಲ್ಲ, ಅತಿ ಚೆಂದದ್ದೂ ಅಲ್ಲ. ಆದರೆ ಗಟ್ಟಿಯಾಗಿ ನಿಂತಿದೆ. ನೂರೆಪ್ಪತ್ತು ವರ್ಷ ದಾಟಿದ ಈ ಮನೆ ಉಳಿದು, ಅದಕ್ಕಿಂತ ದೊಡ್ಡವು ಬಿದ್ದುಹೋದದ್ದು ಯಾಕೆ ಎಂಬ ಪ್ರಶ್ನೆ ಮೂವತ್ತು ವರ್ಷ ಈ ಭಾಗದಲ್ಲಿ ಮಾಸ್ತರಿಕೆ ಮಾಡಿದ ನನ್ನನ್ನು ಬಿಟ್ಟಿಲ್ಲ.

ಬಂಗಲೆಗೆ ತಮ್ಮ ಹೆಸರು ಬಿಟ್ಟುಹೋದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವರು. ಹದಿನೈದು ಹದಿನಾರರ ವಯಸ್ಸಿಗೇ ಹಿಂದುಸ್ತಾನಕ್ಕೆ ಬಂದು, 1824ರಲ್ಲಿ ಹೈದರಾಬಾದು ನಿಜಾಮರ ಸೈನ್ಯ ಸೇರಿದರು. 1839ರಲ್ಲಿ ಪ್ರಕಟವಾದ ಅವರ ಠಕ್ಕರ ಕಾದಂಬರಿ ಲಂಡನ್ನಿನಲ್ಲಿ ಅವರಿಗೆ ಹೆಸರು ತಂದುಕೊಟ್ಟಿತ್ತು. 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕರು ಇನ್ನೂ ಎಂಟು ವರ್ಷದ ಕೂಸು. ರಾಣಿ ಈಶ್ವರಮ್ಮನವರು ಒಂದು ಕಡೆ, ತೀರಿಹೋದ ರಾಜರ ತಮ್ಮ ಪಿಡ್ಡ ನಾಯಕರು ಇನ್ನೊಂದು ಕಡೆ, ನಿಜಾಮರ ಬಾಕಿ ವಸೂಲಿ ಮತ್ತೊಂದು ಕಡೆ. ಇಂಥ ಹೊತ್ತಿನಲ್ಲಿ ಬ್ರಿಟಿಷ್ ರೆಸಿಡೆಂಟರು ಟೇಲರ್ ಅವರನ್ನು ಇಲ್ಲಿಗೆ ಕಳಿಸಿದರು. ಬಂದವರು 1853ರವರೆಗೆ ಉಳಿದರು. ಲೆಕ್ಕಪತ್ರ ನೋಡಿದರು, ರಸ್ತೆ ಹಾಕಿಸಿದರು, ಕೆರೆಗಳನ್ನು ಸರಿಮಾಡಿಸಿದರು, ಹುಡುಗ ರಾಜನನ್ನು ಓದಿಸಿದರು. ಆ ಹುಡುಗ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಗುಡ್ಡದ ಮೇಲಿನ ಬಂಗಲೆಯ ಅಂಗಳದಲ್ಲಿ ನಿಂತರೆ ಇಡೀ ಸುರಪುರ ಕಾಲಡಿಗೆ ಕಾಣುತ್ತದೆ. ಆಡಳಿತಗಾರನೊಬ್ಬ ಊರನ್ನು ನೋಡಬೇಕಾದದ್ದು ಮೇಲಿನಿಂದ ಎಂಬ ಆ ಕಾಲದ ಎಣಿಕೆ ಕಟ್ಟಡದ ಜಾಗದಲ್ಲೇ ಎದ್ದು ತೋರುತ್ತದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಟೇಲರ್ ಒಳ್ಳೆಯ ಮನುಷ್ಯನೆಂದು ಹೇಳುವವರ ಜೊತೆ ನಾನೂ ಇದ್ದೇನೆ. ಆದರೆ ಅವರು ಇಲ್ಲಿಗೆ ಬಂದದ್ದು ಸಂಸ್ಥಾನದ ಕೈಯಿಂದ ಅಧಿಕಾರ ತೆಗೆದುಕೊಂಡವರ ಪರವಾಗಿ. ಈ ಎರಡೂ ಮಾತು ಒಟ್ಟಿಗೆ ಹೇಳದೆ ಸುರಪುರದ ಚರಿತ್ರೆ ಬರೆಯಲು ಬರುವುದಿಲ್ಲ.

1853ರಲ್ಲಿ ಟೇಲರ್ ಸಂಸ್ಥಾನವನ್ನು ವೆಂಕಟಪ್ಪ ನಾಯಕರ ಕೈಗೆ ಒಪ್ಪಿಸಿ ನಳದುರ್ಗಕ್ಕೆ ಹೋದರು. ಐದು ವರ್ಷಕ್ಕೆ ಎಲ್ಲವೂ ಬದಲಾಯಿತು. ಉತ್ತರದಲ್ಲಿ ಎದ್ದ ದಂಗೆಯ ಕಾವು ಇಲ್ಲಿಗೂ ತಲುಪಿ, 1858ರ ಫೆಬ್ರವರಿ 7ರ ರಾತ್ರಿ ಸುರಪುರದ ಪಡೆ ಊರ ಹೊರಗೆ ಬೀಡುಬಿಟ್ಟಿದ್ದ ಇಂಗ್ಲಿಷ್ ತುಕಡಿಯ ಮೇಲೆ ಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು, ಲೆಫ್ಟಿನೆಂಟ್ ಸ್ಟೀವರ್ಟ್ ಗಾಯಗೊಂಡು ಆಮೇಲೆ ತೀರಿಕೊಂಡರು. ನೆರವಿನ ಪಡೆಗಳು ಬರುತ್ತಿವೆ ಎಂದು ತಿಳಿದ ರಾಜರು ಊರು ಬಿಟ್ಟು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕರು. ಮೊದಲು ಮರಣದಂಡನೆ, ಆಮೇಲೆ ಕರಿನೀರು, ಕೊನೆಗೆ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದು ಶಿಕ್ಷೆ ಇಳಿಯುತ್ತ ಬಂತು. ಸಿಕಂದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಅವರು ಸತ್ತರು. ಗುಂಡು ಕೈತಪ್ಪಿ ಹಾರಿತೋ ಅವರೇ ಹಾರಿಸಿಕೊಂಡರೋ ಎಂಬುದನ್ನು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬಿಡಿಸಿ ಹೇಳುವುದಿಲ್ಲ. ಈ ಹುಡುಗ ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜಾತಕ ಬರೆದವರು ಹೇಳಿದ್ದರೆಂಬ ಸಂಗತಿಯನ್ನು ಮಾತ್ರ ಅವರು ನೋವಿನಿಂದ ದಾಖಲಿಸಿದ್ದಾರೆ. ಸುರಪುರದವರಿಗೆ ಆ ಸಾವು ಬಲಿದಾನ. 1860ರ ಒಪ್ಪಂದದಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು.

ಅರಮನೆ ಉಳಿಯಿತು, ಆದರೆ ಅದಕ್ಕೆ ರಾಜ್ಯ ಉಳಿಯಲಿಲ್ಲ. ಮಂಜಿಲಿಗೆ ಟೇಲರ್ ಉಳಿಯಲಿಲ್ಲ. ಆದರೂ ಮುಂದೆ ಅದು ಪ್ರವಾಸಿ ಬಂಗಲೆಯಾಯಿತು. ಬರುವ ಅಧಿಕಾರಿಗೆ ಇಳಿದುಕೊಳ್ಳಲು ಕೋಣೆ ಬೇಕಿತ್ತು, ಕೋಣೆಗೆ ಸುಣ್ಣ ಬೇಕಿತ್ತು, ಬಾಗಿಲಿಗೆ ಚಿಲಕ ಬೇಕಿತ್ತು. ಯಾರಾದರೂ ಒಬ್ಬರು ಬೀಗದ ಕೈ ಇಟ್ಟುಕೊಂಡು ದಿನಾ ಬಂದು ಕಸ ಗುಡಿಸಿದರು. ಕಟ್ಟಡ ಉಳಿಯುವುದಕ್ಕೆ ಅಷ್ಟು ಸಾಕಾಯಿತು.

ಇದೇ ಲೆಕ್ಕ ವಾಗಣಗೇರಿಗೆ ಹಿಡಿಯಲಿಲ್ಲ. ಸುರಪುರಕ್ಕಿಂತ ಮೊದಲು ನಾಯಕರ ರಾಜಧಾನಿ ಇದ್ದದ್ದು ಅಲ್ಲಿ. ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ನಡೆದದ್ದೂ ಅಲ್ಲೇ. ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ ಬಾದಶಹ, ಎಂಬತ್ತು ದಾಟಿದ ಮುದುಕ, 1705ರ ಫೆಬ್ರವರಿಯಲ್ಲಿ ನಮ್ಮ ಈ ಗುಡ್ಡದೂರಿನ ಮುಂದೆ ಬಂದು ಕೂತ. ಎದುರಿಗಿದ್ದದ್ದು ಅಂದಿನ ದೊರೆ, ಅದೇ ಹೆಸರಿನ ಇನ್ನೊಬ್ಬ ಪಿಡ್ಡ ನಾಯಕರ ಬೇಡ ಬಂದೂಕುಗಾರರು. ಮರಾಠರ ಧನಾಜಿ ಜಾಧವ ಕೂಡ ನೆರವಿಗೆ ಬಂದ. ಎರಡು ತಿಂಗಳು ಮೀರಿ ಹೋರಾಟ ನಡೆದು ಏಪ್ರಿಲ್ ಕೊನೆಗೆ ಕೋಟೆ ಮೊಗಲರ ಕೈಸೇರಿದಾಗ ಒಳಗೆ ನಾಯಕರಿರಲಿಲ್ಲ. ರಾತ್ರಿಯಲ್ಲೇ ಊರಿಗೆ ಬೆಂಕಿ ಇಟ್ಟು ಎಲ್ಲರೂ ಹೊರಟುಹೋಗಿದ್ದರು. ಗೆದ್ದ ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಅಲ್ಲಿ ಕಾಯಿಲೆ ಬಿದ್ದ. ಚೇತರಿಸಿಕೊಂಡು ಆ ವರ್ಷದ ಕೊನೆಗೆ ಉತ್ತರಕ್ಕೆ ಹೊರಟವನು 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ದಿಲ್ಲಿಯ ಮುಖ ಅವನು ಮತ್ತೆ ನೋಡಲಿಲ್ಲ.

ದೊಡ್ಡ ದೊಡ್ಡ ಇತಿಹಾಸಗಳಲ್ಲಿ ಪುಟಗಟ್ಟಲೆ ಜಾಗ ಪಡೆದ ಊರಿನಲ್ಲಿ ಇಂದು ಏನಿದೆ ಎಂದು ನೋಡಲು ಹೋದವರಿಗೆ ಮುರಿದ ಗೋಡೆ, ಮುಳ್ಳುಕಂಟಿ, ಅಲ್ಲಲ್ಲಿ ಕಲ್ಲಿನ ರಾಶಿ ಸಿಗುತ್ತವೆ. ರಾಜಧಾನಿ ಸುರಪುರಕ್ಕೆ ಹೋಯಿತು. ಅದರ ಹಿಂದೆಯೇ ಜನ, ಪೇಟೆ, ದೇವರು ಎಲ್ಲ ಹೋದವು. ಕೋಟೆಗೆ ಕೆಲಸ ಉಳಿಯಲಿಲ್ಲ.

ಹೊಸ ರಾಜಧಾನಿಯಲ್ಲಿ ನಾಯಕರು ಕಟ್ಟಿಸಿದ ವೇಣುಗೋಪಾಲಸ್ವಾಮಿ ಗುಡಿಯ ಕಥೆ ಬೇರೆ. ಗೋಕುಲಾಷ್ಟಮಿ ಬಂದರೆ ಸಾಕು, ಗುಡಿಯ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಲೋಕುಳಿ, ಆಮೇಲೆ ಕಂಬಾರೋಹಣ. ಎತ್ತರದ ಕಂಬಗಳನ್ನು ನೆಟ್ಟು, ಕಾಲು ಜಾರುವಂತೆ ಮೆತ್ತಿ, ಮೇಲೆ ಮಂಟಪ ಕಟ್ಟಿ ಅಲ್ಲಿಂದ ನೀರು ಸುರಿಯುತ್ತಾರೆ. ಕೆಳಗಿನಿಂದ ಹುಡುಗರು ಏರುತ್ತಾರೆ, ಜಾರುತ್ತಾರೆ, ಮತ್ತೆ ಏರುತ್ತಾರೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ. ಕೋಟೆ ಹತ್ತುವ ಬೇಡ ಪಡೆಯ ತಾಲೀಮು ಹಬ್ಬವಾಗಿ ಉಳಿದಿದೆ ಎಂದು ಊರ ಹಿರಿಯರು ಹೇಳುತ್ತಾರೆ. ಆ ಕಂಬಗಳನ್ನು ಕಣ್ಣಾರೆ ಕಂಡ ನನಗೆ ಅದನ್ನು ನಂಬುವುದು ಕಷ್ಟವಲ್ಲ. ಗುಡಿಯ ಕಲ್ಲಿಗೆ ಕಾವಲಾಗಿ ನಿಂತದ್ದು ಆ ಹುಡುಗರೇ. ಜಾತ್ರೆ ನಡೆಯಬೇಕಾದರೆ ಪ್ರಾಕಾರ ಗಟ್ಟಿಯಾಗಿರಬೇಕು, ಬಯಲು ಬಯಲಾಗಿಯೇ ಇರಬೇಕು. ಅದರ ಮೇಲೆ ಯಾರೂ ಅಂಗಡಿ ಕಟ್ಟಲಾರರು.

ಸುರಪುರದ ಅರಸರು ಶ್ರೀವೈಷ್ಣವ ಪಂಡಿತರಿಗೂ ಚಿತ್ರಗಾರರಿಗೂ ಆಸರೆ ಕೊಟ್ಟವರು. ಚಿನ್ನದ ರೇಕು ಹಚ್ಚಿ, ಕೂದಲೆಳೆಯ ಕುಂಚದಲ್ಲಿ ಬರೆದ ಸುರಪುರ ಶೈಲಿಯ ಕಿರುಚಿತ್ರಗಳಿಗೆ ತಂಜಾವೂರು, ಮೈಸೂರು ಚಿತ್ರಗಳ ಜೊತೆ ಹೋಲಿಸುವಷ್ಟು ಸೊಗಸಿದೆ. ಅವುಗಳನ್ನು ಬರೆದ ಗರುಡಾದ್ರಿ ಮನೆತನದ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಶಾಲೆಯ ಗೋಡೆಗೆ ಅಂಥದ್ದೊಂದು ಚಿತ್ರದ ಪ್ರತಿ ತೂಗುಹಾಕಿದರೂ ಸಾಕಿತ್ತು.

ದಕ್ಷಿಣಕ್ಕೆ ಕೃಷ್ಣೆಯ ದಂಡೆಯಲ್ಲಿ ತಿಂಥಣಿ. ಮೌನೇಶ್ವರರು ಹುಟ್ಟಿದ್ದು ಸುರಪುರದ ಪಕ್ಕದ ದೇವರಗೋನಾಲದಲ್ಲಿ, ನೆಲೆನಿಂತದ್ದು ತಿಂಥಣಿಯಲ್ಲಿ. ಅಲ್ಲಿಗೆ ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಗುಡಿಗೆ ಗುಮ್ಮಟ ಕಮಾನುಗಳಿವೆ, ಜೈಕಾರದಲ್ಲಿ ಎರಡೂ ಕಡೆಯ ಮಾತು ಬೆರೆತಿದೆ. ಜಾತ್ರೆಯ ದಿನ ಹೊಳೆ ದಂಡೆಯಲ್ಲಿ ಎಷ್ಟು ಒಲೆ ಹೊತ್ತುತ್ತವೆಯೋ ಅಷ್ಟು ಕಾವಲುಗಾರರು ಆ ಗುಡಿಗೆ.

ಶಹಾಪುರದ ಗುರುತು ಗುಡ್ಡವೇ. ಸಾಲುಬೆಟ್ಟ ಒಂದು ದಿಕ್ಕಿನಿಂದ ಕಂಡಾಗ ಮನುಷ್ಯನೊಬ್ಬ ಅಂಗಾತ ಮಲಗಿದ ಹಾಗೆ ಕಾಣುತ್ತದೆ: ಹಣೆ, ಮೂಗು, ತುಟಿ, ಎದೆ, ಕಾಲು. ನಾವು ಸಣ್ಣವರಿದ್ದಾಗ ಅದನ್ನು ಮಲಗಿದ ಮನುಷ್ಯ ಎಂದರೆ ಈಗ ಎಲ್ಲರೂ ಮಲಗಿದ ಬುದ್ಧ ಎನ್ನುತ್ತಾರೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಊರೊಳಗಿನ ಚರಬಸವೇಶ್ವರರ ಗದ್ದುಗೆ, ಬೆಟ್ಟದ ಮೇಲಿನ ಕೋಟೆಯ ಬುರುಜು ಇವೆಲ್ಲ ಆ ಫೋಟೋದ ಆಚೆ ಉಳಿದುಬಿಡುತ್ತವೆ. ಪಕ್ಕದ ಸಗರವಂತೂ ಇನ್ನೂ ಹಿಂದಿನದು. ಸುಲ್ತಾನರ ಕಾಲದಲ್ಲಿ ಸೀಮೆಗೆ ಕೇಂದ್ರವಾಗಿದ್ದ ಊರು, ನುಸ್ರತಾಬಾದ್ ಎಂದು ಹೆಸರಿಟ್ಟುಕೊಂಡ ಊರು, ಸೂಫಿ ಸರಮಸ್ತರ ದರ್ಗಾ ಇರುವ ಊರು. ಸುರಪುರದ ನಾಯಕರ ಹಿರಿಯರು ಮೊದಲು ಬಲಿತದ್ದೂ ಅದೇ ಸಗರದ ಸುತ್ತ.

ಯಾದಗಿರಿಯದು ಒಂಟಿಗುಡ್ಡದ ಕೋಟೆ. ರೈಲಿನ ಕಿಟಕಿಯಿಂದಲೇ ಕಾಣುತ್ತದೆ. ಮೇಲೆ ಹತ್ತಿದರೆ ನೀರಿನ ಹೊಂಡಗಳು, ತೋಪುಗಳು, ಬಂಡೆಯಲ್ಲಿ ಕೆತ್ತಿದ ಜಿನಬಿಂಬಗಳು, ಗುಡಿ, ಮಸೀದಿ. ಚಾಲುಕ್ಯರ ಕಾಲದಿಂದ ಆದಿಲ್‌ಶಾಹಿಯವರೆಗೆ ಒಬ್ಬರ ಮೇಲೊಬ್ಬರು ಗಚ್ಚು ಹಾಕಿದ ಜಾಗ. ಭುವನೇಶ್ವರಿ ದೇವಿಗೆ ಹರಕೆ ಹೊತ್ತವರು ಹತ್ತಿ ಹೋಗುವ ಮೆಟ್ಟಿಲ ದಾರಿ ಸವೆದಿದೆ, ಅಂದರೆ ಚೆನ್ನಾಗಿದೆ; ಯಾರೂ ಹೋಗದ ಮಗ್ಗುಲಿನ ಬುರುಜುಗಳು ಕುಸಿಯುತ್ತಿವೆ. ಕೋಟೆಯ ಕೆಳಗಿನ ಊರನ್ನು ಬೆಳೆಸಿದ್ದು ಮಾತ್ರ ರೈಲು. 1871ರಲ್ಲಿ ಮುಂಬಯಿ ಕಡೆಯ ಹಳಿ ರಾಯಚೂರು ತಲುಪಿ ಮದರಾಸಿನ ಹಳಿಗೆ ಕೂಡಿಕೊಂಡಾಗ ಯಾದಗಿರಿ ಆ ಹಾದಿಯ ನಿಲ್ದಾಣವಾಯಿತು. ಸುರಪುರ, ಶಹಾಪುರಗಳಿಗೆ ಇಂದಿಗೂ ರೈಲಿಲ್ಲ. 2010ರ ಏಪ್ರಿಲ್ 10ರಂದು ಗುಲಬರ್ಗಾದಿಂದ ಬೇರೆಯಾಗಿ ಹೊಸ ಜಿಲ್ಲೆ ಹುಟ್ಟಿದಾಗ, ರಾಜಧಾನಿಯಾಗಿದ್ದ ಸುರಪುರವಿರಲಿ, ಸೀಮೆಗೆ ಕೇಂದ್ರವಾಗಿದ್ದ ಸಗರವಿರಲಿ, ಯಾವುದನ್ನೂ ಕೇಳದೆ ಜಿಲ್ಲಾ ಕೇಂದ್ರ ಹಳಿಯಿದ್ದ ಊರಿಗೆ ಹೋಯಿತು.

ಇಲ್ಲಿಯವರೆಗೆ ಬರೆದದ್ದನ್ನು ಓದಿದವರು, ಬಳಸಿದರೆ ಕಟ್ಟಡ ಉಳಿಯುತ್ತದೆ, ಬಿಟ್ಟರೆ ಬೀಳುತ್ತದೆ ಎಂದು ಹೇಳಿಬಿಡಬಹುದು. ಒಂದು ಕಾಲಕ್ಕೆ ನಾನೂ ಹಾಗೇ ತಿಳಿದಿದ್ದೆ. ಹುಣಸಗಿ ಕಡೆ ಓಡಾಡಿದ ಮೇಲೆ ಆ ತಿಳಿವಳಿಕೆ ಅರ್ಧದ್ದೆಂದು ಗೊತ್ತಾಯಿತು.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಹುಣಸಗಿ, ಬೈಚಬಾಳ ಹಳ್ಳಗಳ ಬಯಲನ್ನು ಕಾಲ್ನಡಿಗೆಯಲ್ಲಿ ಅಳೆದವರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಆಯುಧ ಮಾಡುತ್ತಿದ್ದ ಕಾರ್ಖಾನೆಯನ್ನೇ ಅವರು ಅಗೆದು ತೆಗೆದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ತೋರಿತು. ದೇಶದ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ನಮ್ಮ ಹಳ್ಳಿಗಳ ಹೆಸರು ಬಂದದ್ದು ಹೀಗೆ. ಕೊಡೇಕಲ್, ಬೂದಿಹಾಳಗಳಲ್ಲಿ ಅವರು ಅಗೆದದ್ದು ಬೂದಿ ದಿಬ್ಬಗಳನ್ನು. ನವಶಿಲಾಯುಗದ ದನಗಾಹಿಗಳು ವರ್ಷಗಟ್ಟಲೆ ಒಟ್ಟಿದ ಸಗಣಿ ಸುಟ್ಟು ಆದ ದಿಬ್ಬಗಳವು. ರೈತನಿಗೆ ಆ ಬೂದಿ ಒಳ್ಳೆಯ ಗೊಬ್ಬರ. ಗಾಡಿ ಹೂಡಿ, ಆಮೇಲೆ ಟ್ರ್ಯಾಕ್ಟರ್ ತಂದು, ಎಷ್ಟೋ ದಿಬ್ಬಗಳನ್ನು ಹೊಲಕ್ಕೆ ಸಾಗಿಸಿದ್ದಾರೆ.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಕಾಲುವೆ ನೀರು ಬಂತು, ಜೋಳ ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ಬಂತು. ಭತ್ತಕ್ಕೆ ನೆಲ ಮಟ್ಟವಿರಬೇಕು. ಬುಲ್ಡೋಜರ್ ಹೊಕ್ಕ ಹೊಲಗಳಲ್ಲಿ ಲಕ್ಷಾಂತರ ವರ್ಷ ಬಿದ್ದಲ್ಲೇ ಬಿದ್ದಿದ್ದ ಕಲ್ಲಿನ ಕೊಡಲಿಗಳು ಮಣ್ಣಿನ ಜೊತೆ ಮಗುಚಿಹೋದವು. ನೀರು ಬೇಡವೆಂದು ಹೇಳುವ ಬಾಯಿ ನನಗಿಲ್ಲ. ಗುಳೆ ಹೋಗುತ್ತಿದ್ದ ಮನೆಗಳಲ್ಲಿ ಅನ್ನ ಬೆಂದದ್ದನ್ನು ನಾನು ನೋಡಿದ್ದೇನೆ. ಆದರೆ ಯಾವ ಹೊಲದಲ್ಲಿ ಏನಿತ್ತು ಎಂಬ ಪಟ್ಟಿಯನ್ನು ನೀರು ಬರುವ ಮೊದಲು ಹಳ್ಳಿ ಹಳ್ಳಿಗೂ ತಲುಪಿಸಿದ್ದರೆ, ನಾಲ್ಕು ಕಡೆಯಾದರೂ ಒಂದೊಂದು ಎಕರೆ ಬಿಡುವ ರೈತರು ಇಲ್ಲಿ ಇದ್ದರು.

ಬರಹ ಇದ್ದ ಕಡೆ ಪರಿಸ್ಥಿತಿ ತುಸು ವಾಸಿ. ಕೆಂಭಾವಿ ಸೀಮೆಯ ಏವೂರಿನಲ್ಲಿ 1077ರ ಶಾಸನವಿದೆ. ಆರನೆಯ ವಿಕ್ರಮಾದಿತ್ಯನ ಕಾಲದ್ದು. ಚಾಲುಕ್ಯರ ವಂಶಾವಳಿಯನ್ನು ಜೋಡಿಸಲು ವಿದ್ವಾಂಸರು ಇಂದಿಗೂ ಅದನ್ನು ನೆಚ್ಚುತ್ತಾರೆ. ಅದು ಅಚ್ಚಾದ್ದರಿಂದ ನಾಳೆ ಕಲ್ಲಿಗೆ ಏನಾದರೂ ಮಾತು ಉಳಿಯುತ್ತದೆ. ವಚನಕಾರ ದೇವರ ದಾಸಿಮಯ್ಯನ ಊರೆನ್ನುವ ಮುದನೂರಿನಲ್ಲಿ ರಾಮನಾಥನ ಗುಡಿ ಉಳಿದಿರುವುದಕ್ಕೆ ಕಲ್ಲಿನ ಗಟ್ಟಿತನ ಎಷ್ಟು ಕಾರಣವೋ ದಾಸಿಮಯ್ಯನ ವಚನಗಳೂ ಅಷ್ಟೇ ಕಾರಣ.

ಪೂಜೆಯೂ ಇಲ್ಲದ, ಬರಹವೂ ಇಲ್ಲದ, ಯಾರೂ ಇಳಿದುಕೊಳ್ಳದ ಜಾಗದ ಗತಿ ಏನು? ಆ ಪ್ರಶ್ನೆ ನನ್ನನ್ನು ಪ್ರತಿಸಲವೂ ಶಹಾಪುರದ ಹತ್ತಿರದ ವಿಭೂತಿಹಳ್ಳಿಗೆ ಎಳೆದುಕೊಂಡು ಹೋಗುತ್ತದೆ.

ಬಯಲಿನಲ್ಲಿ ಗುಂಡುಗಲ್ಲುಗಳು. ಮೊದಲ ನೋಟಕ್ಕೆ ಗುಡ್ಡದಿಂದ ಉರುಳಿಬಂದವು ಎನಿಸುತ್ತದೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ಸಾಲು ಕಾಣುತ್ತದೆ. ಪಕ್ಕಕ್ಕೆ ಸರಿದರೆ ಇನ್ನೊಂದು ಸಾಲು, ಓರೆಯಾಗಿ ನೋಡಿದರೆ ಮತ್ತೊಂದು. ಯಾರೋ ಅಳೆದು ತೂಗಿ, ಸಮದೂರದಲ್ಲಿ ಒಂದೊಂದೇ ಬಂಡೆ ಉರುಳಿಸಿ ತಂದು ಇಟ್ಟಿದ್ದಾರೆ. ಇದನ್ನು ಮೊದಲು ಅಳೆದು ಹೊರಜಗತ್ತಿಗೆ ತಿಳಿಸಿದವರು ಅದೇ ಟೇಲರ್. ಸಂಸ್ಥಾನದ ಕೆಲಸದ ನಡುವೆ ಜೇವರ್ಗಿ, ರಾಜನಕೋಳೂರು, ಹಗರಟಗಿಗಳ ಹಳೆಯ ಗೋರಿಗಳನ್ನೂ ಕಲ್ಮನೆಗಳನ್ನೂ ನೋಡಿ, ಕೆಲವನ್ನು ಅಗೆಸಿ, ನಕ್ಷೆ ಬರೆದು ಮುಂಬಯಿಯ ಹಾಗೂ ಐರ್ಲೆಂಡಿನ ವಿದ್ವತ್ ಪತ್ರಿಕೆಗಳಿಗೆ ಕಳಿಸಿದರು. ತಮ್ಮ ನಾಡಿನಲ್ಲಿ ಕಂಡಂಥ ಕಲ್ಗೋರಿಗಳು ಕೃಷ್ಣೆಯ ದಂಡೆಯಲ್ಲೂ ಇವೆಯಲ್ಲ ಎಂಬ ಬೆರಗು ಆ ಬರಹಗಳಲ್ಲಿದೆ. ನೂರು ವರ್ಷದ ಮೇಲೆ, 1956ರಲ್ಲಿ, ಎಫ್. ಆರ್. ಆಲ್ಚಿನ್ ಈ ಕಲ್ಸಾಲುಗಳ ಬಗ್ಗೆ ಮತ್ತೆ ಬರೆದರು. ಇತ್ತೀಚೆಗೆ ಬೆಂಗಳೂರಿನ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಸಾಲುಗಳ ದಿಕ್ಕು ಹಿಡಿದು ನೋಡಿ, ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಇವು ಹೊಂದುತ್ತವೆ ಎಂದು ವಾದಿಸಿದರು. ಹಾಗಿದ್ದರೆ ಅದು ಬಯಲಿಗೇ ಬರೆದಿಟ್ಟ ಪಂಚಾಂಗ. ಬಿತ್ತುವ ಹೊತ್ತು ತಿಳಿಯಬೇಕಾದ ಜನ ಇಟ್ಟ ಕಲ್ಲುಗಳು.

ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿ ಜಾಗದ ಹೆಸರಿದೆ. ಪಟ್ಟಿಯಲ್ಲಿ ಹೆಸರಿರುವುದಕ್ಕೂ ಪಕ್ಕದ ಊರವರ ಮನಸ್ಸಿನಲ್ಲಿ ಇರುವುದಕ್ಕೂ ದೂರ ಬಹಳ. ಹೈಸ್ಕೂಲಿನ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬುತ್ತಿ ಬಿಚ್ಚಿ ರೊಟ್ಟಿ ಶೇಂಗಾ ಹಿಂಡಿ ತಿಂದು ಎದ್ದ ಮೇಲೆ ಒಬ್ಬ ಹುಡುಗ ಸಾಲಿನ ಗುಂಟ ನಡೆಯುತ್ತ ಎಣಿಸತೊಡಗಿದ. ಅರ್ಧಕ್ಕೆ ನಿಂತು ಕೇಳಿದ:

"ಸರ್, ಇಲ್ಲೊಂದು ಕಲ್ಲು ಇಲ್ರಿ. ಯಾರ ಒಯ್ದಾರ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೈಬೆರಳು ತೋರಿಸಿದ ಕಡೆ ನಿಜವಾಗಿಯೂ ಒಂದು ಕಲ್ಲು ಇರಬೇಕಾದಲ್ಲಿ ಕುಣಿ ಇತ್ತು. ಚರಿತ್ರೆಯ ಪಾಠ ಎಷ್ಟೋ ವರ್ಷ ಮಾಡಿದ್ದೇನೆ, ಆ ದಿನದಷ್ಟು ಚೆನ್ನಾಗಿ ಯಾವ ಮಗುವಿಗೂ ಅದು ತಲುಪಿದ್ದನ್ನು ಕಂಡಿಲ್ಲ. ಕಲ್ಲು ಎಣಿಸಿದ ಹುಡುಗನಿಗೆ ಆ ಬಯಲು ಅಂದಿನಿಂದ ಅವನದಾಯಿತು.

ಅದಕ್ಕೇ ಈ ಲೇಖನದ ಓದುಗರಲ್ಲಿ, ವಿಶೇಷವಾಗಿ ಸುರಪುರ, ಶಹಾಪುರ, ಯಾದಗಿರಿಗಳ ಶಿಕ್ಷಕ ಮಿತ್ರರಲ್ಲಿ, ಒಂದು ಕೇಳಿಕೆ. ಬರುವ ಡಿಸೆಂಬರ್ 22ರಂದು ಹೊತ್ತು ಮುಳುಗುವ ಎರಡು ತಾಸು ಮೊದಲು ಮಕ್ಕಳನ್ನು ಕರೆದುಕೊಂಡು ವಿಭೂತಿಹಳ್ಳಿಗೆ ಬನ್ನಿ. ಬುತ್ತಿ, ನೀರು, ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಜೊತೆಗಿರಲಿ. ಯಾವ ಕಲ್ಲನ್ನೂ ಕದಲಿಸಬೇಡಿ, ಯಾವುದರ ಮೇಲೂ ಬಣ್ಣ ಹಚ್ಚಬೇಡಿ. ಒಂದೊಂದು ಸಾಲಿಗೆ ನಾಲ್ಕು ಮಕ್ಕಳಂತೆ ನಿಲ್ಲಿಸಿ ಎಣಿಸಿರಿ, ಇಲ್ಲದ ಕಲ್ಲಿನ ಜಾಗವನ್ನೂ ಗುರುತು ಹಾಕಿಕೊಳ್ಳಿರಿ. ಎಣಿಕೆಯ ಹಾಳೆಯನ್ನು ದಿನಾಂಕ ಹಾಕಿ ನಿಮ್ಮ ಶಾಲೆಯ ದಫ್ತರದಲ್ಲಿ ಇಡಿರಿ; ಮುಂದಿನ ವರ್ಷ ಬಂದ ಮಕ್ಕಳು ಅದನ್ನು ತಾಳೆ ನೋಡಲಿ.